ರಸೀದಿಗೆ ಕುಂಕುಮ ಇಟ್ಟವರು

ಹೊಸಕೊಪ್ಪಲು, ಅರಕಲಗೂಡು ತಾಲ್ಲೂಕು
೩-೧೦-೨೦೨೫

ಪ್ರೀತಿಯ ನಿಧಿ ಅಕ್ಕ,

ಕೋವಿ ಮನೆಗೆ ಬಂತು. ಕ್ಷೇಮ ಸಮಾಚಾರ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ತಪ್ಪು ತಿಳಿಯಬೇಡಿ. ಮೊನ್ನೆ ಆಯುಧಪೂಜೆಯ ದಿನ ತಿಮ್ಮಪ್ಪ ತಾತನ ಕೋವಿ ನಮ್ಮ ನಡುಮನೆಯಲ್ಲಿ ನೇಗಿಲು, ಕುಡುಗೋಲು, ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕ ಗೋಡೆಗೆ ಒರಗಿತ್ತು. ಲೈಸೆನ್ಸ್ ಪುಸ್ತಕದಲ್ಲಿ ನನ್ನ ಹೆಸರಿದೆ. ಅದನ್ನು ಹತ್ತು ಸಲವಾದರೂ ತೆಗೆದು ನೋಡಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಕಿವಿಗಿಟ್ಟರೆ ನನಗೆ ಮಾತೇ ಹೊರಡುವುದಿಲ್ಲ, ನಿಮಗೆ ಗೊತ್ತು. ಅಲ್ಲದೆ ನಿಮ್ಮ ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಬೇಕು. ಸಂಶೋಧನೆ ಬಿಟ್ಟು ಹೊಳೆನರಸೀಪುರಕ್ಕೆ ಹೋಗಿ ನಿಮ್ಮ ತಂದೆಯವರ ಬಟ್ಟೆ ಅಂಗಡಿಯಲ್ಲಿ ಕೂತಿದ್ದೀರಿ ಎಂದು ಬರೆದಿದ್ದಿರಿ. ಹಾಸನದ ಸೆಮಿನಾರಿನಲ್ಲಿ ಯಾರೋ ಎದ್ದು, ಇನ್ನೂರೈವತ್ತು ವರ್ಷದ ಹಿಂದಿನ ಅಮೆರಿಕದ ರೈತರ ಬಂದೂಕು ಕಟ್ಟಿಕೊಂಡು ನಮಗೇನಾಗಬೇಕು ಎಂದರಂತೆ, ಎಲ್ಲರೂ ನಕ್ಕರಂತೆ. ನಿಮ್ಮ ಬರಹವನ್ನು ಕೊನೆಯವರೆಗೆ ಕೇಳಿದವರು ಒಬ್ಬರೂ ಇಲ್ಲ ಎಂದು ಬರೆದಿದ್ದಿರಿ. ಅಕ್ಕ, ಅದು ಸುಳ್ಳು. ಅದು ಸುಳ್ಳೆಂದು ತೋರಿಸುವುದಕ್ಕೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಎಲೆಕ್ಷನ್ ಬಂದಾಗ ಎಲ್ಲ ಲೈಸೆನ್ಸುದಾರರ ಹಾಗೆ ತಾತನೂ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತಂದರು. ಬಿಡಿಸಿಕೊಂಡು ಬರುವ ಮೊದಲೇ ತೀರಿಕೊಂಡರು. ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದರು: "ಕೋವಿ ನಿನ್ನೆಸ್ರಿಗೇ ಆಗ್ಬೇಕು ಕಣವ್ವ. ಮಂಚಯ್ಯನ್ ಕೈಗೆ ಮಾತ್ರ ಓಗ್ಕೂಡ್ದು."

ಮಂಚಯ್ಯ ನನ್ನ ಚಿಕ್ಕಪ್ಪ. ಒಂಬತ್ತು ವರ್ಷದ ಹಿಂದೆ ನೆಂಟರ ಮದುವೆ ದಿಬ್ಬಣದಲ್ಲಿ ಕುಡಿದು, ತಾತನಿಗೆ ಹೇಳದೆ ಕೋವಿ ತಂದು ಆಕಾಶಕ್ಕೆ ಹಾರಿಸಿದರು. ಆಕಾಶಕ್ಕೆ ಅಂತ ಅವರು ಹೇಳುತ್ತಾರೆ. ಓಲಗದವನ ಕಿವಿಯ ತುದಿ ಹೋಯಿತು. ದೊಡ್ಡವರೆಲ್ಲ ಸೇರಿ ಮಾತು ಮುಚ್ಚಿದರು. ಅವನು ಈಗಲೂ ತಲೆಗೆ ವಸ್ತ್ರ ಸುತ್ತಿಕೊಂಡೇ ಊದುತ್ತಾನೆ.

ತಾತ ಹೋದ ಮೇಲೆ ಆಯುಧಪೂಜೆ ಬಂತು. ವರ್ಷದೊಳಗೆ ಹಬ್ಬವಿಲ್ಲ, ಆದರೆ ಆಯುಧಕ್ಕೆ ಕುಂಕುಮ ತಪ್ಪಬಾರದೆಂದು ಅಜ್ಜಿಯ ಹಟ. ಕೋವಿ ಸ್ಟೇಷನ್ನಿನಲ್ಲಿದೆ, ಏನು ಮಾಡುವುದು? ನಮ್ಮಜ್ಜಿ ಚಿಕ್ಕಲಕ್ಷ್ಮಮ್ಮ ಅಂದರೆ ಸುಮ್ಮನೆ ಕೂರುವವರಲ್ಲ. ರಸೀದಿಯನ್ನೇ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ದೀಪದ ಎಣ್ಣೆ ಸವರಿ, ತೀರ್ಥ ಚಿಮುಕಿಸಿ ಕೈಮುಗಿದರು. ನಾವೂ ಸಾಲಾಗಿ ನಿಂತು ಕೈಮುಗಿದೆವು. ಯಾರಿಗೂ ತಪ್ಪು ಅನ್ನಿಸಲಿಲ್ಲ. ಮಾರನೆಯ ದಿನ ನೋಡಿದರೆ ಕಾಗದದ ಮೇಲೆ ನಂಬರು ಇರಲಿ, ಸೀಲು ಕೂಡ ಉಳಿದಿರಲಿಲ್ಲ.

ಸ್ಟೇಷನ್ನಿನಲ್ಲಿ ರೈಟರು ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿ, ಇದೇನು ಪ್ರಸಾದವೇನಮ್ಮ ಎಂದರು. ಅವರ ಪುಸ್ತಕದಲ್ಲಿ ಆರು ಜನ ತಿಮ್ಮಪ್ಪಂದಿರಿದ್ದರು. ಅದರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ನಾನು ತಲೆ ತಗ್ಗಿಸಿಕೊಂಡೇ, ಹಿಡಿಯ ಬಿರುಕಿಗೆ ತಾಮ್ರದ ತಂತಿ ಸುತ್ತಿದೆ, ಹನ್ನೊಂದು ಸುತ್ತು ಎಂದೆ. ಪ್ರತಿ ವರ್ಷ ಹಬ್ಬಕ್ಕೆ ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದವಳು ನಾನೇ. ಅವರು ಒಳಗೆ ಹೋಗಿ ಜೋರಾಗಿ ಎಣಿಸುವುದು ಹೊರಗೆ ಕೇಳಿಸಿತು. ಹನ್ನೊಂದಕ್ಕೆ ನಿಂತಿತು. ಅವತ್ತೇ ನಾನು ಅರ್ಧ ಗೆದ್ದೆ ಅಂದುಕೊಂಡೆ.

ಇನ್ನರ್ಧ ಕಷ್ಟವಿತ್ತು. ನಾನು ಅರ್ಜಿ ಹಾಕಿದ ಮೇಲೆ ಚಿಕ್ಕಪ್ಪ ತಕರಾರು ಹಾಕಿದರು. ಇಬ್ಬರನ್ನೂ ಹಾಸನದ ಡಿ.ಸಿ. ಆಫೀಸಿಗೆ ವಿಚಾರಣೆಗೆ ಕರೆದರು. ಪಕ್ಕದ ಹೊಲದ ಪಾಲಾಕ್ಷಣ್ಣ ಸಾಕ್ಷಿ ಹೇಳಲು ನನ್ನ ಜೊತೆ ಬಂದಿದ್ದ.

ವಿಚಾರಣೆ ಮಾಡಿದ ಸಾಹೇಬರು ಒಳ್ಳೆಯವರೇ. ಪಾಲಾಕ್ಷಣ್ಣನನ್ನು ಮೊದಲು ಕೇಳಿದರು. ತಿಮ್ಮಪ್ಪನ ಕೋವಿ ಸದ್ದು ಕೇಳಿದರೆ ತನ್ನ ಜೋಳದ ಹೊಲಕ್ಕೂ ಹಂದಿ ಬರುತ್ತಿರಲಿಲ್ಲ, ಹಾರಿಸುವಾಗ ಈ ಹುಡುಗಿ ತಾತನ ಜೊತೆಗೇ ಇರುತ್ತಿದ್ದಳು ಎಂದು ಅವನು ಹೇಳಿದ. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿ, ನಿನಗೆ ಯಾಕಮ್ಮ ಕೋವಿ ಎಂದರು. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತೆ. ಎರಡನೇ ಸಲ ಕೇಳಿದರು. ದುಪಟ್ಟಾದ ತುದಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪಾಯಿತೇ ಹೊರತು ಮಾತು ಬರಲಿಲ್ಲ. ಓಲಗದವನ ಕಿವಿಯ ಕಥೆ ಹೇಳಿದರೆ ಸಾಕಿತ್ತು. ಮನೆಯ ಮಾನ ಅಡ್ಡ ಬಂತು.

ಚಿಕ್ಕಪ್ಪನಿಗೆ ಧೈರ್ಯ ಬಂತು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿಕೊಂಡು ಬಂದಿದ್ದರು. "ಅಮೇರಿಕ್ದಲ್ಲಿ ನೋಡಿ ಸಾ, ಆ ದೇಸ ಉಟ್ಟಿದ್ ದಿನದಿಂದ್ಲೂ ಯಾರ್ನೂ ಕೇಳಂಗಿಲ್ಲ, ಯಾರ್ಗೂ ತೋರ್ಸಂಗಿಲ್ಲ. ಕೋವಿ ಗಂಡಸ್ರ ಅಕ್ಕು. ಇವ್ಳು ಆಸ್ಟೆಲ್ಲಲ್ಲಿ ಚಪಾತಿ ಲಟ್ಟಿಸ್ಕೊಂಡಿದ್ದೋಳು, ಇವ್ಳಿಗೇನ್ ಗೊತ್ತು?"

ಅಕ್ಕ, ಚಪಾತಿ ಎಂದದ್ದೇ ತಡ, ಹಾಸ್ಟೆಲಿನ ಅಡುಗೆಮನೆ ಕಣ್ಮುಂದೆ ಬಂತು. ನೀವು ಹಿಟ್ಟಿನ ಡ್ರಮ್ಮಿನ ಮೇಲೆ ಕೂತು, ಸೆಮಿನಾರಿಗೆ ಅಭ್ಯಾಸ ಅಂತ ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದಿರಿ. "ಕೋವಿ ಬುಡವ್ವ, ಮೊದ್ಲು ಈರುಳ್ಳಿ ಕುಯ್ಯಿ" ಎಂದು ಅಡುಗೆಯ ಸಣ್ಣಕ್ಕ ನಿಮ್ಮನ್ನು ಬೈಯುತ್ತಿದ್ದರು. ನಾನು ಮಾತಾಡದೆ ಲಟ್ಟಿಸುತ್ತಿದ್ದೆ. ಎರಡು ತಿಂಗಳು, ದಿನಾ. ನಿಮ್ಮ ಬರಹ ನನಗೆ ಪೂರ್ತಿ ಬಾಯಿಪಾಠವಾಗಿದೆ ಎಂದು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಆದರೆ ಮಗ್ಗಿ ಹೇಳುವವರ ಹಾಗೆ, ನಡುವಿನಿಂದ ಶುರು ಮಾಡಲು ನನಗೆ ಬರುವುದಿಲ್ಲ. ಆದ್ದರಿಂದ ಕಣ್ಣು ಮುಚ್ಚಿ, "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ" ಎಂದು ಮೊದಲಿನಿಂದಲೇ ಆರಂಭಿಸಿದೆ. ಗುಮಾಸ್ತರು ನಕ್ಕರು. ಸಾಹೇಬರು ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು.

ನಿಂತ ಕಾಲಲ್ಲೇ ಎಲ್ಲ ಹೇಳಿದೆ. ಇಂಗ್ಲೆಂಡಿನ ರಾಜನ ಸೈನ್ಯ ತಮ್ಮ ಊರುಗಳಲ್ಲಿ ಬೀಡುಬಿಟ್ಟದ್ದನ್ನು ಕಂಡು ಅಮೆರಿಕದವರು ಸದಾ ಇರುವ ಸೈನ್ಯಕ್ಕೆ ಹೆದರಿದ್ದು. ಅದಕ್ಕೇ ರೈತರು, ಕಮ್ಮಾರರು ಕೂಡಿದ ನಾಡಪಡೆಯೇ ಸಾಕು ಎಂದದ್ದು. ತಮ್ಮ ಸಂವಿಧಾನದಲ್ಲಿ ಬಂದೂಕಿನ ಹಕ್ಕಿನ ಸಾಲು ಬರೆಯುವಾಗ ಮೊದಲು ಕಟ್ಟುಪಾಡಿಗೆ ಒಳಪಟ್ಟ ನಾಡಪಡೆ ಎಂದು ಬರೆದು ಆಮೇಲೆ ಜನರ ಹಕ್ಕು ಎಂದು ಬರೆದದ್ದು. ತನ್ನ ಮನೆ ಕಾಯಲು, ಬೇಟೆಗೆ ಕೂಡ ಇರಲಿ ಎಂದು ವಾದಿಸಿದವರೂ ಇದ್ದರು, ಅದನ್ನೂ ಬಿಡಲಿಲ್ಲ. ಗೊತ್ತುಮಾಡಿದ ದಿನ ಪ್ರತಿಯೊಬ್ಬನೂ ತನ್ನ ಬಂದೂಕು ಹೊತ್ತು ಮೈದಾನಕ್ಕೆ ಬಂದು ಅಧಿಕಾರಿಗೆ ತೋರಿಸಬೇಕಿತ್ತು, ಬಾರದವನಿಗೆ ದಂಡವಿತ್ತು. ಬಾಸ್ಟನ್ನಿನಲ್ಲಿ ಬೆಂಕಿಯ ಭಯಕ್ಕೆ ಮದ್ದು ತುಂಬಿದ ಬಂದೂಕನ್ನು ಮನೆಯೊಳಗೆ ಇಡುವಂತಿರಲಿಲ್ಲ. ನಾಡಿಗೆ ನಿಷ್ಠೆಯ ಪ್ರಮಾಣ ಮಾಡದವರ ಕೈಯಿಂದ ಆಯುಧ ಕಿತ್ತುಕೊಂಡ ಸೀಮೆಗಳೂ ಇದ್ದವು. ಕೊನೆಗೆ ನಿಮ್ಮದೇ ಸಾಲು: ಆ ಪಟ್ಟಿಯಲ್ಲಿ ಯಾರಿದ್ದರು ಎಂದು ಓದಿದರೆ ಸಾಲದು, ಯಾರಿರಲಿಲ್ಲ ಎಂದೂ ಓದಬೇಕು, ಹೆಂಗಸರಿರಲಿಲ್ಲ, ಗುಲಾಮರಿರಲಿಲ್ಲ, ಆ ನೆಲದ ಮೂಲ ಜನರಿರಲಿಲ್ಲ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ, ಎಲ್ಲರಿಗೂ ವಂದನೆಗಳು ಎಂದೂ ಹೇಳಿದೆ.

ಕಣ್ಣು ಬಿಟ್ಟೆ. ಆಗ ನನ್ನ ಸ್ವಂತ ಮಾತೂ ಬಂತು. ಎಲ್ಲಿತ್ತೋ ಗೊತ್ತಿಲ್ಲ. "ನಮ್ ತಾತ ಯಾವ ಎಲೆಕ್ಷನ್ನಿಗೂ ಯೋಳುಸ್ಕೊಂಡೋರಲ್ಲ ಸಾ. ಮೊದ್ಲೇ ಓಗಿ ಒಪ್ಪುಸ್ತಿದ್ರು. ಕರ್ದಾಗ ತಂದು ತೋರ್ಸೋರ್ಗೇ ಕೊಡಿ. ನಾ ತೋರ್ಸ್ತೀನಿ."

ಸಾಹೇಬರು ಚಿಕ್ಕಪ್ಪನ ಕಡೆ ನೋಡಿ, ಕರೆದರೆ ನೀವೂ ತಂದು ಒಪ್ಪಿಸುತ್ತೀರಲ್ಲವೇ ಎಂದರು. ಹೂಂ ಅಂದಿದ್ದರೆ ನನ್ನ ಕಥೆ ಏನಾಗುತ್ತಿತ್ತೋ. ಚಿಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. "ನನ್ ಕೋವಿ ನಾನ್ಯಾಕ್ ಸಾ ಕಂಡೋರ್ ಕೈಗೆ ಕೊಡ್ಲಿ?" ಎಂದುಬಿಟ್ಟರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದುಕೊಂಡರು. ಪಾಲಾಕ್ಷಣ್ಣ ಕೆಮ್ಮಿದ.

ಹೊರಡುವಾಗ ಸಾಹೇಬರು ಎಷ್ಟು ಓದಿದ್ದೀಯಾ ಎಂದು ನನ್ನನ್ನು ಕೇಳಿದರು. ಐದನೇ ಕ್ಲಾಸು ಎಂದೆ. ಹಾಗಾದರೆ ಇದೆಲ್ಲ ಎಲ್ಲಿ ಕಲಿತೆ ಎಂದರು. ನಿಮ್ಮ ಹೆಸರು ಹೇಳಿದೆ ಅಕ್ಕ, ಊರು, ತಂದೆಯ ಹೆಸರು ಸಮೇತ. ಆ ಬರಹದ ಪ್ರತಿ ಸಿಕ್ಕೀತೇ, ಓದಬೇಕಿತ್ತು ಎಂದರು. ಸುಮ್ಮನೆ ಹೇಳಿದ್ದಲ್ಲ, ತಮ್ಮ ವಿಳಾಸ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಈ ಕಾಗದದೊಳಗೇ ಇಟ್ಟಿದ್ದೇನೆ. ಅದಕ್ಕೆ ಅಜ್ಜಿ ಕುಂಕುಮ ಹಚ್ಚಲು ಬಂದಿದ್ದರು, ನಾನು ಬಿಡಲಿಲ್ಲ.

ಇದು ಶ್ರಾವಣದ ಮಾತು. ಹೋದ ವಾರ ಲೈಸೆನ್ಸ್ ಪುಸ್ತಕ ಬಂತು. ಸ್ಟೇಷನ್ನಿನಿಂದ ಕೋವಿ ಹೆಗಲಿಗೇರಿಸಿ ಊರೊಳಗೆ ನಡೆದು ಬಂದೆ. ಕಟ್ಟೆಯ ಮೇಲೆ ತುಂಬ ಜನ ಕೂತಿದ್ದರು. ನಾನು ಮೊದಲ ಸಲ ಯಾರ ಪಾದವನ್ನೂ ನೋಡದೆ ಮುಖ ನೋಡಿಕೊಂಡು ನಡೆದೆ. ಅಜ್ಜಿ ಬಾಗಿಲಲ್ಲೇ ಆರತಿ ಎತ್ತಿದರು. ಕೋವಿಗೋ ನನಗೋ ಅಂತ ಕೇಳಿದೆ. "ಇಬ್ರಿಗೂ ಕಣೇ, ಸುಮ್ಕೆ ನಿಂತ್ಕೊ" ಎಂದರು.

ಅಕ್ಕ, ಅಂಗಡಿಯಲ್ಲಿ ಬಟ್ಟೆ ಅಳೆಯಲು ಬೇರೆಯವರು ಸಿಗುತ್ತಾರೆ. ನೀವು ಹಾಳೆ ತೆಗೆಯಿರಿ. ಮತ್ತೆ ಯಾರಾದರೂ ನಕ್ಕರೆ ನನ್ನನ್ನು ಕರೆಯಿರಿ, ಮಾನ್ಯ ಅಧ್ಯಕ್ಷರೇ ಎಂಬಲ್ಲಿಂದ ನಾನು ಹೇಳಿಕೊಡುತ್ತೇನೆ.

ನಿಮ್ಮ ಚಪಾತಿ ಹುಡುಗಿ,
ಧನ್ಯಾ

ಮರೆತು ಬಿಟ್ಟದ್ದಲ್ಲ, ಇಷ್ಟು ಹೊತ್ತು ಬಚ್ಚಿಟ್ಟದ್ದು: ಆ ಕೋವಿ ಹಾರುವುದಿಲ್ಲ. ಓಲಗದವನ ಕಿವಿ ಹೋದ ಆ ಮದುವೆಯ ಮಾರನೆಯ ದಿನವೇ ತಾತ, ಮದ್ದಿಗೆ ಕಿಡಿ ಕೊಡುವ ಕೇಪನ್ನು ಕೂರಿಸುವ ಚಿಕ್ಕ ಕಬ್ಬಿಣದ ತುಂಡನ್ನು ತಿರುಪಿ ತೆಗೆದುಬಿಟ್ಟರು. ತೀರಿಕೊಳ್ಳುವವರೆಗೂ ಎಂಟು ವರ್ಷ ಅವರು ಹೊಲದಲ್ಲಿ ಗುರಿ ಹಿಡಿದು ನಿಲ್ಲುತ್ತಿದ್ದರು, ಬೇಲಿಯ ಹಿಂದೆ ಎಣ್ಣೆ ಡಬ್ಬದೊಳಗೆ ಪಟಾಕಿ ಹಚ್ಚುತ್ತಿದ್ದವಳು ನಾನು. ನಾನು ಹಾಸ್ಟೆಲಿನಲ್ಲಿದ್ದ ಎರಡು ವರ್ಷ ಅಜ್ಜಿ ಹಚ್ಚಿದರು. ಚಿಕ್ಕಪ್ಪನಿಗೂ ಗೊತ್ತಿಲ್ಲ, ಪಾಲಾಕ್ಷಣ್ಣನಿಗೂ ಗೊತ್ತಿಲ್ಲ. ಸಾಹೇಬರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ತುಂಡನ್ನು ತಾತ ನನಗೇ ಕೊಟ್ಟಿದ್ದರು. ಈಗ ನನ್ನ ಸಾಸಿವೆ ಡಬ್ಬಿಯಲ್ಲಿದೆ, ಅಲ್ಲೇ ಇರುತ್ತದೆ.