ಕುಸ್ತಿ ಕಣದ ಬೋರ್ಡು

ಬ್ರೂಸ್‌ಪೇಟೆ, ಬಳ್ಳಾರಿ
೧೧-೩-೧೯೫೧

ಪ್ರೀತಿಯ ಅಕ್ಕ ಹಂಪಮ್ಮನಿಗೆ ಚಿದಾನಂದಪ್ಪನ ನಮಸ್ಕಾರಗಳು.

ನಾವೆಲ್ಲ ಆರಾಮ ಇದ್ದೇವೆ, ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೈಯಬೇಡ. ನೋವಿನ ಎಣ್ಣೆ ಕುದಿಸುವುದು, ಸೀಸೆ ತುಂಬುವುದು, ಚೀಟಿ ಅಂಟಿಸುವುದು, ಇದರಲ್ಲೇ ದಿನ ಮುಗಿಯುತ್ತದೆ. ಇದು ಅರ್ಧ ನಿಜ. ಏನು ಬರೆಯಬೇಕೆಂದು ತೋಚಲಿಲ್ಲ ಅನ್ನುವುದು ಇನ್ನರ್ಧ.

ಜಡೆಪ್ಪ ಸಿರುಗುಪ್ಪಕ್ಕೆ, ನಿನ್ನ ಮನೆಗೆ, ಬಂದು ಎರಡು ತಿಂಗಳಾಯಿತು. ನನ್ನ ಮೂರು ಕಾಗದಕ್ಕೂ ನಮ್ಮ ತಮ್ಮ ಉತ್ತರ ಕೊಟ್ಟಿಲ್ಲ. ಅವನ ಬಲತೋಳು ಈಗ ಕಿವಿಯ ಮಟ್ಟಕ್ಕಾದರೂ ಏಳುತ್ತದೆಯೇ? ಊರಿಗೆ ಬರುವ ಮಾತು ಆಡುತ್ತಾನೆಯೇ? ಬೇರೇನೂ ಬರೆಯದಿದ್ದರೂ ಇದೆರಡನ್ನು ಬರೆಸು.

ಇನ್ನು ಭಾವನವರು ಕೇಳಿದ ವಿಷಯ. ತಮ್ಮ ಗೋಲಿಸೋಡಾಕ್ಕೆ ಆಟದ ಮೈದಾನದಲ್ಲಿ ಬೋರ್ಡು ಹಾಕಿಸಬೇಕು ಅಂತಿದ್ದಾರೆ, ನನಗೆ ಅದರಿಂದ ಲಾಭವಾಯಿತೇ ಎಂದು ಕೇಳಿದ್ದಾರೆ. ನಾನು ಎರಡು ಸಲ ಹಾಕಿಸಿದೆ. ಎರಡನ್ನೂ ಹೇಳುತ್ತೇನೆ.

ಮೊದಲನೆಯದು ಕಂಟೋನ್ಮೆಂಟಿನ ಫುಟ್‌ಬಾಲ್ ಪಂದ್ಯದಲ್ಲಿ. ಇಪ್ಪತ್ತೈದು ರೂಪಾಯಿ ಕೊಟ್ಟು ಮೈದಾನದ ಅಂಚಿಗೆ ದೊಡ್ಡ ತಗಡಿನ ಬೋರ್ಡು ನಿಲ್ಲಿಸಿದೆ. ಜನ ಬಂದವರೇ ಅದರ ಮುಂದೆ ಸಾಲಾಗಿ ನಿಂತರು. ಜಾಗ ಸಿಗದವರು ಅದರ ಮೇಲೇ ಹತ್ತಿ ಕೂತರು. ನನ್ನ ಎಣ್ಣೆಯ ಹೆಸರನ್ನು ಓದಿದ್ದು ಅವರ ಬೆನ್ನುಗಳು ಮಾತ್ರ. ಆ ವಾರ ಹೋದದ್ದು ಎರಡು ಸೀಸೆ, ಅದರಲ್ಲೂ ಒಂದನ್ನು ನಮ್ಮ ಬೀಗರು ಒಯ್ದರು.

ಎರಡನೆಯದು ನಮ್ಮ ಜಡೆಪ್ಪ ಆಡಿದ ಕುರುಗೋಡಿನ ಕುಸ್ತಿ. ಅಲ್ಲಿ ಬುದ್ಧಿ ಉಪಯೋಗಿಸಿದೆ. ಕಣದ ಮಣ್ಣಿಗೆ ಮರ್ಯಾದೆ ಕೊಟ್ಟು ಎಲ್ಲರೂ ಹಗ್ಗದ ಹೊರಗೇ ಚಪ್ಪಲಿ ಬಿಡುತ್ತಾರಲ್ಲ, ಆ ಜಾಗದಲ್ಲಿ ಬೋರ್ಡು ನಿಲ್ಲಿಸಿದೆ. ಕುಸ್ತಿ ಮುಗಿದ ಮೇಲೆ ಸಾವಿರ ಚಪ್ಪಲಿಯಲ್ಲಿ ತನ್ನದನ್ನು ಹುಡುಕುವವನು ಕಾಲು ಗಂಟೆ ಅಲ್ಲೇ ನಿಲ್ಲಬೇಕು. ಬೇಡವೆಂದರೂ ಬೋರ್ಡು ಕಣ್ಣಿಗೆ ಬೀಳುತ್ತದೆ.

ಬೋರ್ಡು ಬರೆಯುವ ಪಕ್ಕೀರಪ್ಪ, "ಚಿದಾನಂದಣ್ಣಾ, ಸುಮ್ನ ಸೀಸೆ ಬರದ್ರ ಯಾರ್ ನೋಡ್ತಾರ? ಜಡೆಪ್ಪನ್ನ ಬರೀತೀನಿ. ಹೊರಗ ಚಿತ್ರ, ಕಣದಾಗ ಆಳು. ಇನ್ನೇನ್ ಬೇಕ್ರಿ?" ಅಂದ. ಹಾಗೇ ಬರೆದ. ತೊಡೆ ತಟ್ಟಿ ನಿಂತ ಜಡೆಪ್ಪ, ಪಕ್ಕದಲ್ಲಿ ಆಳೆತ್ತರದ ಸೀಸೆ. ಎಲ್ಲ ಸೇರಿ ನಲವತ್ತು ರೂಪಾಯಿ ಆಯಿತು.

ಮುಂದಿನದು ನಿನಗೆ ಗೊತ್ತು. ಆದೋನಿಯ ಪೈಲ್ವಾನನ ಮೂರನೇ ಹಿಡಿತಕ್ಕೆ ಜಡೆಪ್ಪ ಬಿದ್ದ, ಭುಜ ಕಳಚಿತು. ಮೋಕದ ಮಾರೆಣ್ಣ ಕೀಲು ಕೂಡಿಸುವುದರಲ್ಲಿ ಪಳಗಿದವನು. ಕಣದಲ್ಲೇ ಕೂರಿಸಿ ತೋಳು ಎಳೆದು ಕೂಡಿಸಿದ, ನಮ್ಮ ಎಣ್ಣೆಯನ್ನೇ ತಿಕ್ಕಿದ. ಜಡೆಪ್ಪ ಎದ್ದು ನಿಂತದ್ದೇ ತಡ, ಜನಕ್ಕೆ ಪವಾಡ ಕಂಡಂತಾಯಿತು. ಆದೋನಿಯವರು "ಅದಿ ಏಂ ನೂನೆ?" ಎಂದು ತೆಲುಗಿನಲ್ಲಿ ಎಣ್ಣೆಯ ಹೆಸರು ಕೇಳಿದರು. ಯಾರೋ ಬೋರ್ಡು ತೋರಿಸಿದರು. ಒಯ್ದಿದ್ದ ಅರವತ್ತು ಸೀಸೆಯೂ ಅಲ್ಲೇ ಖಾಲಿಯಾಯಿತು. ಈಗ ತಿಂಗಳಿಗೆ ಇನ್ನೂರು ಹೋಗುತ್ತಿದೆ.

ಆದ್ದರಿಂದ ಭಾವನವರಿಗೆ ಹೇಳು, ಹಾಕಿದ್ದು ಹತ್ತು ಪಟ್ಟಾಗಿ ಬಂತು. ಆದರೆ ಜನ ಬೋರ್ಡು ನೋಡಿ ಕೊಳ್ಳಲಿಲ್ಲ, ಕಣ್ಣೆದುರು ಆದದ್ದನ್ನು ನೋಡಿ ಕೊಂಡರು. ಬೋರ್ಡು ಹೆಸರು ಹೇಳಿತು ಅಷ್ಟೇ. ಸೋಡಾದ ಮಾತು ಬೇರೆ, ಬಿಸಿಲಿಗೆ ನೆರೆದ ಜನಕ್ಕೆ ಅಲ್ಲೇ ಕುಡಿಸಬಹುದು. ಹಾಕಿಸಲಿ. ಜೀವಂತ ಮನುಷ್ಯನ ಚಿತ್ರ ಮಾತ್ರ ಬರೆಸುವುದು ಬೇಡ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ನನ್ನ ಮನೆಯವಳು ಗುರುಬಸಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ಇತಿ ನಿನ್ನ ತಮ್ಮ,
ಚಿದಾನಂದಪ್ಪ

ತಾ.ಕ.: ಭಾವ, ಅಕ್ಕನಿಗೆ ಕಾಗದ ಓದಿ ಹೇಳುವವರು ನೀವು. ಜಡೆಪ್ಪನೂ ಅಲ್ಲೇ ಕೂತಿರುತ್ತಾನೆ. ಇದನ್ನೂ ಜೋರಾಗಿಯೇ ಓದಿರಿ.

ಕುಸ್ತಿಯ ದಿನ ಬೆಳಿಗ್ಗೆ ಜಡೆಪ್ಪ, "ಅಣ್ಣಾ, ಭುಜ ಭಾಳ ನೋಯಾಕ ಹತ್ತೇತಿ, ಕೈ ಎತ್ತಾಕ ಆಗವಲ್ದು. ವೀಳ್ಯ ತಿರುಗಿ ಕೊಟ್ಟು ಬಾ" ಅಂದ. ಕುಸ್ತಿಗೆ ಒಪ್ಪಿ ವೀಳ್ಯ ಹಿಡಿದ ಪೈಲ್ವಾನ ತಾನಾಗಿ ಹಿಂದೆ ಸರಿಯುವಂತಿಲ್ಲ. ಮನೆಯ ಹಿರಿಯ ಹೋಗಿ ಮರಳಿಸಿದರೆ ಯಾರೂ ಏನೂ ಅನ್ನುವುದಿಲ್ಲ. ನೂರು ಹೆಜ್ಜೆ ನಡೆದರೆ ಮುಗಿಯುತ್ತಿತ್ತು. ನಾನು, "ಬೋರ್ಡು ನಿಲ್ಸಿ ಆಗೇತಿ, ಇವತ್ತೊಂದಿನ ತಡ್ಕೋ" ಅಂದೆ.

ಅವನು ಬಿದ್ದಾಗ ಮೊದಲು ಓಡಿದವನು ನಾನೇ. ಮಾರೆಣ್ಣ ಎಣ್ಣೆ ಕೇಳುವ ಮುಂಚೆಯೇ ಸೀಸೆ ಎತ್ತಿ ಹಿಡಿದಿದ್ದೆ, ಚೀಟಿಯನ್ನು ಜನರ ಕಡೆ ತಿರುಗಿಸಿ. ಜಡೆಪ್ಪ ಬಿದ್ದಲ್ಲಿಂದಲೇ ಅದನ್ನು ನೋಡಿದ. ಅವತ್ತಿನಿಂದ ನನ್ನ ಮುಖ ನೋಡಿಲ್ಲ.

ಜಡೆಪ್ಪ, ಅವತ್ತು ಸೋತವನು ನೀನಲ್ಲ. ತಪ್ಪಾಯಿತು ತಮ್ಮಾ.