ಹೆಣವಿಲ್ಲದ ಶೆಡ್ಡಿಗೆ ಬಿದ್ದ ಬೀಗ

ಸೂಕ್ಷ್ಮ ನಾಸಿಕದ ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಶೆಡ್ಡಿನಲ್ಲಿ ಹೆಣವಿಲ್ಲ. ಎಂದೂ ಇರಲಿಲ್ಲ. ಆದರೂ ನಿನ್ನೆ ಬೆಳಿಗ್ಗೆ ತಾವು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು, ಬಚ್ಚಿಟ್ಟ ಹೆಣವನ್ನು ಹಾಜರುಪಡಿಸುವವರೆಗೆ ತೆರೆಯಕೂಡದೆಂದು ಬಾಗಿಲಿಗೆ ಬೀಗ ಜಡಿದು ಹೋಗಿದ್ದೀರಿ. ಇಲ್ಲದ ಹೆಣವನ್ನು ನಾನು ಎಲ್ಲಿಂದ ತರಲಿ? ಪಕ್ಕದ ಮನೆಯಲ್ಲಿ ಕಡ ಕೇಳೋಣವೆಂದರೆ ಅದೇನು ಒಂದು ಲೋಟ ಸಕ್ಕರೆಯೇ?

ವಾಸನೆ ಬಂದದ್ದು ನಿಜ, ಒಪ್ಪುತ್ತೇನೆ. ನಾವು ತಯಾರಿಸುವ ದ್ರವದ ಹೆಸರು ಕೆಡಾವರಿನ್. ಮಾಂಸ ಕೊಳೆತಾಗ ತಾನಾಗಿ ಹುಟ್ಟುವ ವಸ್ತು ಅದು. ನಮ್ಮಲ್ಲಿ ಮಾಂಸದ ಚೂರೂ ಇಲ್ಲ. ತೊಟ್ಟಿಯೊಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಅದನ್ನು ಮಾಡಿಕೊಡುತ್ತವೆ. ಹರಳೆಣ್ಣೆಯಿಂದ ತೆಗೆದ ಆಮ್ಲವನ್ನು ಅದಕ್ಕೆ ಕೂಡಿಸಿದರೆ ನೈಲಾನ್ ಸಿದ್ಧ. ಬ್ರಷ್ಷಿನ ಎಳೆ, ಜಿಪ್ಪು, ಯಂತ್ರದ ಹಲ್ಲುಗಾಲಿ, ಎಲ್ಲಕ್ಕೂ ಬರುತ್ತದೆ, ಪೆಟ್ರೋಲಿಯಂ ಬೇಕಿಲ್ಲ. ನೈಲಾನ್ ಆದಮೇಲೆ ವಾಸನೆಯೂ ಇರುವುದಿಲ್ಲ, ತಾವು ಧೈರ್ಯವಾಗಿ ಹಲ್ಲುಜ್ಜಬಹುದು. ತೊಟ್ಟಿಯ ರಸಕ್ಕೆ ಕ್ಷಾರ ಬೆರೆಸಿ ಕಾಯಿಸುವಾಗ ಮಾತ್ರ ಗಬ್ಬು ಏಳುತ್ತದೆ, ಆಗ ಕಿಟಕಿ ಮುಚ್ಚಿರಬೇಕು. ನನ್ನ ಭಾವಮೈದ ಮಹಾಶಯ ಮೊನ್ನೆ ಸೆಕೆಯೆಂದು ಕಿಟಕಿ ತೆರೆದಿಟ್ಟ. ಅದಕ್ಕಾಗಿ ಅವನ ಅಕ್ಕನಿಂದ ಅವನಿಗೆ ಸರಿಯಾಗಿ ಮಂಗಳಾರತಿಯೂ ಆಗಿದೆ.

ಇಷ್ಟು ವಿವರಿಸಿದರೆ ತಾವು ಕೇಳಿದ್ದೇನು? "ಅದೆಲ್ಲ ಇರ್ಲಿ, ನಿಮ್ಮತ್ತೆ ಎಲ್ರೀ? ಬೀದೀಲಿ ಯಾರೂ ನೋಡೇ ಇಲ್ವಂತೆ!"

ಅತ್ತೆ ಅವರ ತಂಗಿಯ ಮನೆಗೆ ಹೋಗಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೈಚೀಲ ಸಮೇತ ನೇರ ತಮ್ಮ ಕಚೇರಿಗೇ ನುಗ್ಗಿದರು.

"ಏನಪ್ಪಾ, ಸತ್ತಿರೋಳು ನಾನೇ. ಬಂದಿದೀನಿ. ಬೀಗದ ಕೈ ಕೊಡು."

ತಾವು ಕನ್ನಡಕ ಸರಿಮಾಡಿಕೊಂಡು, "ನೀವು ಬದುಕಿರೋದು ಬಹಳ ಸಂತೋಷ ಅಮ್ಮಾ. ಹಾಗಾದ್ರೆ ಅದು ಬೇರೆ ಯಾರದೋ ಹೆಣ," ಎಂದಿರಿ. ಎಂಥ ತರ್ಕ! "ನನ್ನ ಬಿಟ್ಟು ಬೇರೆ ಯಾರನ್ನೋ ಕೊಂದ್ಯಾ?" ಎಂದು ಅತ್ತೆ ನನ್ನ ಮೇಲೆ ಮುನಿಸಿಕೊಂಡು ಕೂತಿದ್ದಾರೆ.

ಅತ್ತೆಯ ಮುನಿಸು ಹೇಗೋ ಇಳಿದೀತು. ತೊಟ್ಟಿಯ ಗತಿ ಹಾಗಲ್ಲ. ಬೀಗ ಜಡಿಯುವಾಗ ತಾವು ಫ್ಯೂಸನ್ನೂ ಕಿತ್ತದ್ದರಿಂದ ಗಾಳಿ ಊದುವ ಪಂಪು ನಿಂತಿದೆ. ಸಕ್ಕರೆ ಹಾಕುವವರೂ ಇಲ್ಲ. ನನ್ನ ಹೆಂಡತಿ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ಬ್ಯಾಕ್ಟೀರಿಯಾ ತಳಿ ಅದು. ಅದರ ಬೀಜಕ್ಕೆಂದು ಕಾಪಿಟ್ಟ ಸೀಸೆಗಳೂ ಒಳಗಿನ ಫ್ರಿಜ್ಜಿನಲ್ಲೇ ಉಳಿದಿವೆ. ಅವಳು ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಾಳೆ. "ರೀ, ಗುಳುಗುಳು ಅನ್ನೋ ಸದ್ದೇ ಇಲ್ಲ ಕಣ್ರೀ," ಎನ್ನುತ್ತಾಳೆ.

ಇಂದು ಸಂಜೆಯೊಳಗೆ ಬಾಗಿಲು ತೆರೆಯಿರಿ, ಇದೇ ನನ್ನ ಆಗ್ರಹ. ತಡಮಾಡಿದರೆ ತಮ್ಮ ಸಂಶಯವೇ ನಿಜವಾಗುತ್ತದೆ: ಆ ಶೆಡ್ಡಿನಲ್ಲಿ ಹೆಣ ಸಿಗುತ್ತದೆ, ಒಂದಲ್ಲ, ಕೋಟ್ಯಂತರ. ಕೊಂದವರು ಯಾರೆಂದು ತಾವು ಕೇಳುವ ಮೊದಲೇ ನನ್ನ ಹೆಂಡತಿ ತಮ್ಮನ್ನು ಕೇಳುತ್ತಾಳೆ.

ಇಂತಿ,
ಅತ್ತೆ ಗಟ್ಟಿಮುಟ್ಟಾಗಿದ್ದರೂ ಆರೋಪಿಯಾದ ನತದೃಷ್ಟ ಅಳಿಯ