ಬೂಟು ತೊಟ್ಟ ಅಕ್ಷರಗಳು

೩ ಫೆಬ್ರವರಿ ೧೯೮೮, ನಿಪ್ಪಾಣಿ

ಮತ್ತೆ ನಾಟಕ ಕಂಪನಿಯವರ ಪೋಸ್ಟರ್. ಕುಡಚಿಯಲ್ಲಿ ಕ್ಯಾಂಪ್. ನಮ್ಮ ಪ್ರೆಸ್ಸಿಗೆಂದು ಸಾಗವಾನಿ ಮರದಲ್ಲಿ ನಾನು ಕೆತ್ತಿದ ದಪ್ಪ ಅಚ್ಚಿನ ಅಕ್ಷರಗಳೇ ಬೇಕಂತೆ. ಮಿರಜದಲ್ಲಿ ಸಿಕ್ಕ ಹಳೇ ಇಂಗ್ಲಿಷ್ ಅಚ್ಚಕ್ಷರಗಳ ಕ್ಯಾಟಲಾಗ್ ನೋಡಿ ಕನ್ನಡ ಅಕ್ಷರಗಳ ಬುಡಕ್ಕೂ ಅಂಥದೇ ಚೌಕನೆಯ ಪಾದ ಕೊಟ್ಟಿದ್ದೆ. ಹೊಟ್ಟೆ ಉಬ್ಬಿದ 'ರ', ಕುಣಿಯಲು ನಿಂತ 'ಕ'. ಸೋಡಾ ಲೇಬಲ್, ದ್ರಾಕ್ಷಿ ಪೆಟ್ಟಿಗೆ, ಬೀಡಿ ಕಟ್ಟು — ಎಲ್ಲೆಲ್ಲೂ ಈಗ ಅವೇ. ಬೇಡಕಿಹಾಳದ ನಮ್ಮ ಅಜ್ಜಿ ಪದ್ಮವ್ವ ಇಟ್ಟ ಹೆಸರು — ಬೂಟಿನ ಅಕ್ಷರ. ಕಣ್ಣು ಮಂಜಾದ ಮೇಲೆ ಅವಳು ಓದುವುದು ಅವನ್ನಷ್ಟೇ.

೯ ಫೆಬ್ರವರಿ

ಅಜ್ಜಿ ಸಲ್ಲೇಖನ ವ್ರತ ತೆಗೆದುಕೊಂಡಳು. ಮುನಿಗಳ ಅಪ್ಪಣೆಯೂ ಆಯಿತು. ಊಟ ಬಿಟ್ಟಿದ್ದಾಳೆ, ನೀರು ಮಾತ್ರ. ಮನೆಯಲ್ಲಿ ಯಾರೂ ಅಳುವಂತಿಲ್ಲ. ನನಗೆ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ... ಯಾರ ಮೇಲೋ ಗೊತ್ತಿಲ್ಲ.

ದರ್ಶನಕ್ಕೆ ಬರ್ರಿ ಎಂದು ಊರೂರಿಗೆ ಪೋಸ್ಟರ್ ಹಚ್ಚಬೇಕು. ಅಜ್ಜಿ ಕೈ ಹಿಡಿದು ಹೇಳಿದಳು, "ನೇಮಿ, ಬೂಟಿನ ಅಕ್ಷರದಾಗ ಛಾಪ್ಸು. ನನ್ನ ಹೆಸರ ನಾನ ಓದಿ ಹೋಗ್ತೀನಿ."

ಅಜ್ಜಿಯ ಮಗ ದಾದಾಸಾಹೇಬ ಕಾಕಾ ಸುಮ್ಮನಿರುತ್ತಾರೆಯೇ. ಹೊರಗೆ ಕರೆದರು. "ಇದೇನ ನಾಟಕ ಐತೇನಲೇ? ಮಂದಿ ನಗ್ತಾರ. ರವಿವಾರ ಪ್ರೂಫ್ ತೋರ್ಸು. ಸೇರಲಿಲ್ಲಂದ್ರ ಕೊಲ್ಲಾಪುರದಾಗ ಸಣ್ಣ ಅಕ್ಷರದಾಗ ಮಾಡಸ್ತೀನಿ."

೧೦ ಫೆಬ್ರವರಿ

ಅಜ್ಜಿಯ ಹೆಸರಿಗೆ ಬೇಕಾದ 'ದ್ಮ' ನನ್ನ ಅಕ್ಷರಗಳಲ್ಲಿ ಇಲ್ಲ. ನಾಟಕದವರಿಗೆ ಅದು ಎಂದೂ ಬೇಕಾಗಿರಲಿಲ್ಲ. ಕೆಳಗಿನ ಒತ್ತಿಗೆ ಬೂಟು ತೊಡಿಸಲು ಜಾಗವೇ ಸಾಲದು. ಕೆತ್ತಿದ್ದು ಸೀಳಿತು. ಮತ್ತೊಂದು ಹಿಡಿದೆ, ಅದೂ ಹೋಯಿತು. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಅಷ್ಟರಲ್ಲಿ ಅಜ್ಜಿಗೆ ಏನಾದರೂ ಆದರೆ...

೧೪ ಫೆಬ್ರವರಿ, ರವಿವಾರ ಬೆಳಗ್ಗೆ

ಕಡೆಗೂ ಒಂದು 'ದ್ಮ' ಸೀಳದೆ ನಿಂತಿತು. ಪ್ರೂಫ್ ಒಯ್ದೆ. ಅಜ್ಜಿ ಈಗ ನೀರನ್ನೂ ಬಿಟ್ಟಿದ್ದಾಳೆ. ಕಾಗದ ಕಣ್ಣಿನ ಹತ್ತಿರ ಹಿಡಿದೆ.

"ಪ... ದ್ಮ... ವ್ವ."

ಓದಿದಳು. ಕಾಕಾ ಗೋಡೆ ಕಡೆ ತಿರುಗಿದರು. ಗೆದ್ದೆ ಅಂದುಕೊಂಡೆ. ಅಜ್ಜಿ ಮಾತ್ರ ಅಕ್ಷರಗಳ ಪಾದವನ್ನೇ ಬೆರಳಿನಿಂದ ಸವರುತ್ತಿದ್ದಳು.

"ಚಂದ ಐತಿ. ಬರು ಮಂದಿ ಬೂಟ ಹಾಕ್ಕೊಂಡ ಬರ್ಲಿ. ನನ್ನ ಹೆಸರಿನ ಬೂಟ ಅಷ್ಟ ಬಿಚ್ಚು. ಬಸದಿ ಒಳಗ ಕಾಲಾಗ ಬೂಟ ಹಾಕ್ಕೊಂಡ ಯಾರ ಹೋಗ್ತಾರ?"

ಮಧ್ಯಾಹ್ನ, ಪ್ರೆಸ್ಸು

ಒದ್ದಾಡಿ ತೊಡಿಸಿದ್ದನ್ನು ಈಗ ನಾನೇ ಬಿಚ್ಚಬೇಕು. 'ಪ'ದ ಪಾದ ತೆಗೆದೆ. 'ದ್ಮ'ದ್ದು ತೆಗೆಯುವಾಗ ಉಳಿ ಬೆರಳಿಗೆ ತಾಗಿತು. ಆಗ ಅಳು ಬಂತು, ತಡೆಯಲಿಲ್ಲ. ಬರಿಗಾಲಿನ ಅಕ್ಷರಗಳು ಸಣ್ಣವಾಗಿ ಕಾಣುತ್ತಿವೆ. ಸಂಜೆಯೊಳಗೆ ಒಯ್ದು ತೋರಿಸಬೇಕು.

ಕಾಕಾ ಬೇಡಕಿಹಾಳದಿಂದ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಪ್ರೆಸ್ಸಿಗೆ ಬರುವಾಗ ಎಂದೂ ಬಿಟ್ಟವರಲ್ಲ. ಅಜ್ಜಿ ಇದ್ದಾಳೋ ಎಂದು ಕೇಳಲು ಧೈರ್ಯವಿಲ್ಲ. 'ವ್ವ' ಒಂದು ಉಳಿದಿದೆ. ಅದನ್ನು ಮುಗಿಸಿ —